ಯಾರಿಗೆ ಕಾಯ್ತಾ ಇದೀರಿ?

ಹೊಸದಾಗಿ ಬಂದ ಮೇಲಧಿಕಾರಿಗಳು ಸಾಮಾನ್ಯವಾಗಿ ಮೊದಲು ಕೇಳುವುದು ತಮ್ಮ ಕುರ್ಚಿ ಎಲ್ಲಿದೆ ಎಂದು. ನಮ್ಮ ಮೇಡಂ ತೀರ್ಥಹಳ್ಳಿಯ ಆಫೀಸಿಗೆ ಮೊದಲ ಸಲ ಬಂದಾಗ ಹಾಗೇನೂ ಕೇಳಲಿಲ್ಲ. ಬಸ್ಸಿಳಿದು, ಮೆಟ್ಟಿಲು ಹತ್ತಿ ಬಂದು, ಕೊಡೆಯನ್ನು ಬಾಗಿಲ ಮೂಲೆಗೆ ಒರಗಿಸಿ, ಹತ್ತಿರ ಸಿಕ್ಕ ನನ್ನ ಮೇಜಿನ ಅಂಚಿಗೆ ಕೈಯೂರಿ ನಿಂತು, "ನೀವು ಈಗ ಯಾರಿಗೆ ಕಾಯ್ತಾ ಇದೀರಿ?" ಅಂದರು.

"ಕಾಯ್ತಾ ಇಲ್ಲ ಮೇಡಂ, ಕೆಲ್ಸ ಮಾಡ್ತಾ ಇದೀನಿ," ಅಂದೆ.

"ಮಾಡ್ತಾ ಇರೋದು ಕಾಣ್ತಿದೆ ಮಾರಾಯ್ರೆ. ಅದ್ರ ಜೊತೆಗೆ ಯಾರಿಗೆ ಕಾಯ್ತಾ ಇದೀರಿ ಅಂತ ಕೇಳ್ದೆ."

ಯೋಚಿಸಿದೆ. ಸಾಗರದಿಂದ, ಕೋಡ್ ಬರೆಯುವ ಶ್ರೀಪಾದಣ್ಣ ಕಳಿಸಬೇಕಿದ್ದ ತಿದ್ದುಪಡಿಯೊಂದಕ್ಕೆ ಸೋಮವಾರದಿಂದ ಕಾಯುತ್ತಿದ್ದೆ. ಹೊಸನಗರದಲ್ಲಿ ಗಿರಾಕಿಗಳ ಫೋನು ಎತ್ತುವ ಸುಮಿತ್ರಾ ಯಾವುದೋ ವಿವರ ಕೇಳಿ ತಿಳಿಸುತ್ತೇನೆ ಎಂದಿದ್ದಳು, ಅದಕ್ಕೂ ಕಾಯುತ್ತಿದ್ದೆ. ನನ್ನ ಹಿಂದಿನ ಸಾಲಿನಲ್ಲಿ ಕೂತಿದ್ದವರೆಲ್ಲ ನನಗೆ ಕಾಯುತ್ತಿದ್ದರು. ಇದನ್ನೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು, ಅದರ ಕಡ್ಡಿಯನ್ನು ಬೆರಳಲ್ಲಿ ತಿರುಗಿಸುತ್ತ ಕೇಳಿಸಿಕೊಂಡರು. ಕನ್ನಡಕ ತೆಗೆದರೆ ನಿಜವಾಗಿ ಕೇಳುತ್ತಿದ್ದಾರೆ ಎಂದರ್ಥ; ಹಾಕಿಕೊಂಡೇ ಇದ್ದರೆ ಮಾತು ಬೇಗ ಮುಗಿಸಬೇಕು. ಇದು ನಮಗೆ ಆಮೇಲೆ ತಿಳಿದ ಸಂಗತಿ.

ನಮ್ಮದು ಮೂರೂರಿನ ಕಂಪನಿ. ಯಜಮಾನರು ಮೊದಲು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದವರು. ಗೆಳೆಯರ ಒತ್ತಾಯಕ್ಕೆ ಒಂದು ಅಡಿಕೆ ಸೊಸೈಟಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಟ್ಟರು. ಅದು ಪಕ್ಕದ ಸೊಸೈಟಿಗೂ ಬೇಕಾಯಿತು. ಆಮೇಲೆ ಖಾಸಗಿ ಬಸ್ಸಿನವರು ಸೀಟು ಬುಕಿಂಗ್ ಮಾಡಿಕೊಡಿ ಎಂದು ಬಂದರು, ಸಣ್ಣ ಆಸ್ಪತ್ರೆಯವರು ಟೋಕನ್ನು, ಬಿಲ್ಲು ಎಂದು ಬಂದರು. ಕೆಲಸ ಬೆಳೆದ ಹಾಗೆ ಎಲ್ಲೆಲ್ಲಿ ಜಾಗ ಸಿಕ್ಕಿತೋ ಅಲ್ಲಲ್ಲಿ ಜನ ಕೂತರು. ಸಾಗರದಲ್ಲಿ ಯಜಮಾನರ ಮನೆಯ ಮಹಡಿಯಲ್ಲಿ ಕೋಡ್ ಬರೆಯುವವರು. ತೀರ್ಥಹಳ್ಳಿಯಲ್ಲಿ ಅದನ್ನು ಪರೀಕ್ಷಿಸುವವರು. ಅವರಿಗೆ ನಾನು ಮುಖ್ಯಸ್ಥ. ಹೊಸನಗರದಲ್ಲಿ ಯಜಮಾನರ ಭಾವನ ಬಟ್ಟೆ ಅಂಗಡಿಯ ಮೇಲೆ, ಗಿರಾಕಿಗಳ ಫೋನು ಎತ್ತುವವರು. ಯಾರೂ ಕೂತು ಯೋಚಿಸಿ ಮಾಡಿದ ವ್ಯವಸ್ಥೆ ಇದಲ್ಲ.

ಒಂದೂರಿನವರು ಇನ್ನೊಂದೂರಿನವರನ್ನು ಬೈಯುವುದು ನಮ್ಮ ನಿತ್ಯಕರ್ಮವಾಗಿತ್ತು. ತೀರ್ಥಹಳ್ಳಿಯವರು ಮೊಸರಲ್ಲಿ ಕಲ್ಲು ಹುಡುಕುತ್ತಾರೆ ಎಂದು ಸಾಗರದವರು. ಸಾಗರದವರು ಬರೆದದ್ದನ್ನು ಒಂದು ಸಲವೂ ತಾವೇ ತೆರೆದು ನೋಡುವುದಿಲ್ಲ ಎಂದು ನಾವು. ಇಬ್ಬರ ತಪ್ಪಿಗೂ ಬೈಗುಳ ತಿನ್ನುವವರು ತಾವು ಎಂದು ಹೊಸನಗರದವರು. ಮೂರು ಮಾತೂ ನಿಜವೇ. ಗಿರಾಕಿಗಳು ಒಬ್ಬೊಬ್ಬರಾಗಿ ಕಳಚಿಕೊಳ್ಳುತ್ತಿದ್ದರು. ಬಸ್ಸಿನವರಲ್ಲಿ ಎಲ್ಲರಿಗಿಂತ ದೊಡ್ಡವರು, ಈ ವರ್ಷದ ಕೊನೆಗೆ ಬೇರೆ ಕಡೆ ನೋಡಿಕೊಳ್ಳುತ್ತೇವೆ ಎಂದು ಹೇಳಿಯೂ ಆಗಿತ್ತು. ಹೊಸನಗರದ ಆಫೀಸು ಮುಚ್ಚಿ, ಫೋನಿನ ಕೆಲಸವನ್ನು ಹೊರಗಿನವರಿಗೆ ಕೊಟ್ಟುಬಿಡುವುದು ಯಜಮಾನರ ಯೋಚನೆ. ಅದಕ್ಕೆ ಮುಂಚೆ ಅನುಭವ ಇದ್ದವರೊಬ್ಬರು ನೋಡಲಿ ಎಂದು ಇವರನ್ನು ಕರೆಸಿದ್ದರು.

ಇವರು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯವರೇ. ಅಜ್ಜನ ಕಾಲಕ್ಕೆ ಗೇಣಿ ಜಮೀನು, ಅಪ್ಪನ ಕಾಲಕ್ಕೆ ಸ್ವಂತದ್ದು, ಇವರ ಕಾಲಕ್ಕೆ ಇಂಜಿನಿಯರಿಂಗು. ದೊಡ್ಡ ದೊಡ್ಡ ಕಂಪನಿಗಳಲ್ಲಿ ಬಹಳ ವರ್ಷ ದುಡಿದು, ಬ್ಯಾಂಕಿನಲ್ಲಿದ್ದ ಗಂಡನಿಗೆ ಸಾಗರಕ್ಕೆ ವರ್ಗವಾದಾಗ ಜೊತೆಗೆ ಬಂದವರು. ಇದಕ್ಕಿಂತ ಹೆಚ್ಚು ತಮ್ಮ ಬಗ್ಗೆ ಹೇಳಿಕೊಂಡದ್ದನ್ನು ನಾನು ಕೇಳಿಲ್ಲ. ಹಿಂದಿನ ಕಂಪನಿಯಲ್ಲಿ ಹಾಗೆ ಮಾಡಿದ್ದೆ, ಹೀಗೆ ಮಾಡಿದ್ದೆ ಎಂಬ ಮಾತು ಅವರ ಬಾಯಲ್ಲಿ ಬರುತ್ತಲೇ ಇರಲಿಲ್ಲ. ಒಮ್ಮೆ ನಾನೇ ಕೇಳಿದ್ದಕ್ಕೆ, "ಅಲ್ಲಿನ ಮಣ್ಣು ಬೇರೆ, ಇಲ್ಲಿನ ಮಣ್ಣು ಬೇರೆ," ಎಂದು ಮುಗಿಸಿದ್ದರು.

ಬಂದ ಮೊದಲ ತಿಂಗಳು ಅವರು ಏನನ್ನೂ ಬದಲಾಯಿಸಲಿಲ್ಲ. ಬಸ್ಸಿನಲ್ಲಿ ಓಡಾಡಿದರು, ಅಷ್ಟೇ. ಇವತ್ತು ಸಾಗರ, ನಾಳೆ ಹೊಸನಗರ, ನಾಡಿದ್ದು ತೀರ್ಥಹಳ್ಳಿ. ಯಜಮಾನರು ಕಾರು ಕಳಿಸುತ್ತೇನೆ ಎಂದರೂ ಒಪ್ಪಲಿಲ್ಲ. ನಮ್ಮ ಸಾಫ್ಟ್‌ವೇರಿನಲ್ಲೇ ಸೀಟು ಬುಕ್ ಮಾಡಿಕೊಂಡು, ನಮ್ಮದೇ ಚೀಟಿ ಹಿಡಿದುಕೊಂಡು ಬರುವುದು. ಹಾಗೆ ಬರುವಾಗಲೇ ಒಂದು ಚೀಟಿಯಲ್ಲಿ ರಿಪ್ಪನ್‌ಪೇಟೆ ಎಂಬ ಹೆಸರು ಅರ್ಧಕ್ಕೆ ಕತ್ತರಿಸಿ 'ರಿಪ್ಪನ್' ಎಂದು ಅಚ್ಚಾಗಿದ್ದು ಅವರ ಕಣ್ಣಿಗೆ ಬಿತ್ತು. ಹೊಸನಗರಕ್ಕೆ ಬಂದು ಕೇಳಿದರೆ, "ಅಯ್ಯೋ ಮೇಡಂ, ಅದನ್ನ ನಾವು ಬರೆದು ಕಳ್ಸಿ ಯಾವ ಕಾಲ ಆಯ್ತು," ಅಂದಳಂತೆ ಸುಮಿತ್ರಾ.

ಅವರು ಆ ದೂರಿನ ಬೆನ್ನು ಹತ್ತಿದರು. ಸುಮಿತ್ರಾ ಅದನ್ನು ಸಾಗರಕ್ಕೆ ಕಳಿಸಿದ್ದಳು. ಸಾಗರದಲ್ಲಿ ಅದು ಶ್ರೀಪಾದಣ್ಣನ ಸರದಿಗೆ ಕಾದು ಕೂತಿತ್ತು. ಅವನು ಸರಿಮಾಡಿದ ಮೇಲೆ ನನ್ನ ಹತ್ತಿರ ಬಂದಿತ್ತು. ನಾನು ಅಷ್ಟರಲ್ಲಿ ಆಸ್ಪತ್ರೆಯವರ ಕೆಲಸದಲ್ಲಿ ಮುಳುಗಿದ್ದೆ. ಆಮೇಲೆ ನೋಡಿ, ಊರಿನ ಹೆಸರು ಸರಿಯಾಯಿತು, ಆದರೆ ಸೀಟಿನ ನಂಬರು ಕೆಳಗಿನ ಸಾಲಿಗೆ ಜಾರಿದೆ ಎಂದು ವಾಪಸ್ ಕಳಿಸಿದ್ದೆ. ಮತ್ತೆ ಸರದಿ. ಅವರು ಮೂರೂರಿನವರನ್ನೂ ಸಾಗರದಲ್ಲಿ ಸೇರಿಸಿ, ಯಾರನ್ನೂ ಬೈಯದೆ ಇಷ್ಟೇ ಹೇಳಿದರು: "ಇದ್ರಲ್ಲಿ ಕೆಲಸ ಅಂತ ಮಾಡಿದ್ದು ಅರ್ಧ ದಿನ. ಬಾಕಿ ಎಲ್ಲ ಕಾದಿದ್ದು. ನೀವ್ಯಾರೂ ಸೋಮಾರಿಗಳಲ್ಲ. ಕೂತಿರೋ ರೀತಿ ಸರಿ ಇಲ್ಲ."

ಯಜಮಾನರು ಅವರಿಗೆಂದು ಸಾಗರದ ಮಹಡಿಯಲ್ಲೂ ಹೊಸನಗರದಲ್ಲೂ ಒಂದೊಂದು ಕೋಣೆ ಮಾಡಿಸಿದ್ದರು. ಹೊಸನಗರದ ಕೋಣೆಯನ್ನು ಅವರು ಸುಮಿತ್ರಾಳಿಗೆ ಬಿಟ್ಟುಕೊಟ್ಟರು. ಅವಳಿಗೆ ಆಗ ಕೂಸು. ಅತ್ತೆ ಮಧ್ಯಾಹ್ನ ಎತ್ತಿಕೊಂಡು ಬಂದರೆ ಹಾಲು ಕುಡಿಸಲು ಅವಳು ಮೆಟ್ಟಿಲ ಕೆಳಗಿನ ಬಟ್ಟೆ ಗಂಟುಗಳ ಹಿಂದೆ ಕೂರುತ್ತಿದ್ದಳು. "ಬಾಗಿಲು ಇರೋ ಕೋಣೆ ಬೇಕಾಗಿದ್ದು ಅವಳಿಗೆ, ನಂಗಲ್ಲ," ಎಂದು ತಾವು ನಮ್ಮ ನಡುವೆಯೇ ಯಾವ ಕುರ್ಚಿ ಖಾಲಿ ಇದೆಯೋ ಅದರಲ್ಲಿ ಕೂತರು. ಕೊನೆಯ ತನಕ ಹಾಗೆಯೇ. ಯಾರಾದರೂ ರಜೆ ಹಾಕಿದರೆ ಅವರ ಕುರ್ಚಿ ಇವರಿಗೆ.

ಅವರಲ್ಲಿ ದೋಷಗಳೂ ಇದ್ದವು. ಹೆಸರು ನೆನಪಿರುತ್ತಿರಲಿಲ್ಲ. ನನ್ನನ್ನು ಸತೀಶ ಎನ್ನಲು ಅವರಿಗೆ ಬಹಳ ಕಾಲ ಬೇಕಾಯಿತು. ಅಲ್ಲಿಯವರೆಗೆ ಸುರೇಶ, ಗಿರೀಶ, ಒಮ್ಮೆ ಜಗದೀಶ. ಮೀಟಿಂಗಿನಲ್ಲಿ ಮಾತು ಉದ್ದವಾದರೆ ಎದ್ದು ಹೋಗಿ ಕಿಟಕಿ ಹತ್ತಿರ ನಿಲ್ಲುವರು. ತಮಾಷೆ ಹೇಳಿದರೆ ಸ್ವಲ್ಪ ಹೊತ್ತು ಬಿಟ್ಟು ನಗುವರು. ಸದ್ದಿಲ್ಲದೆ, ಹೆಗಲು ಮಾತ್ರ ಕುಲುಕುವ ನಗು. ಹೊಗಳಿಕೆಗೆ ಅವರಲ್ಲಿದ್ದ ಶಬ್ದ ಒಂದೇ. ಎಂಥ ಒಳ್ಳೆಯ ಕೆಲಸಕ್ಕೂ "ಅಡ್ಡಿಲ್ಲ." ಹೊಸದಾಗಿ ಸೇರಿದ ನಾಗಶ್ರೀ ಎಂಬ ಹುಡುಗಿ ಸೊಗಸಾಗಿ ಕೋಡ್ ಬರೆದು ಈ ಮಾತು ಕೇಳಿ ಬಚ್ಚಲಿಗೆ ಹೋಗಿ ಅತ್ತಿದ್ದಳು. ಮಲೆನಾಡಿನವರ ಬಾಯಲ್ಲಿ ಅಡ್ಡಿಲ್ಲ ಅಂದರೆ ಚಿನ್ನದ ಪದಕ ಕಣೆ ಎಂದು ನಾವು ಸಮಾಧಾನ ಮಾಡಬೇಕಾಯಿತು.

ಅವರ ಮೊದಲ ಏರ್ಪಾಡು ಸೋತಿತು. ಇದನ್ನು ಬಿಟ್ಟು ಅವರ ಬಗ್ಗೆ ಬರೆದರೆ ಅವರೇ ಒಪ್ಪುವುದಿಲ್ಲ. ಕೆಲಸದ ಬಗೆಯಿಂದ ಜನರನ್ನು ಬೇರೆ ಮಾಡುವುದು ಬಿಟ್ಟು, ಗಿರಾಕಿಗಳಿಂದ ಮಾಡೋಣ ಎಂದರು. ಸೊಸೈಟಿಯವರಿಗೆ ಒಂದು ಟೀಮು, ಬಸ್ಸಿನವರಿಗೆ ಒಂದು, ಆಸ್ಪತ್ರೆಯವರಿಗೆ ಒಂದು. ಪ್ರತಿ ಟೀಮಿನಲ್ಲೂ ಬರೆಯುವವರು, ಪರೀಕ್ಷಿಸುವವರು, ಫೋನು ಎತ್ತುವವರು ಇರಬೇಕು. ಆದರೆ ಯಾರೂ ಊರು ಬಿಡುವುದು ಬೇಡ ಎಂದು ಎಲ್ಲರನ್ನೂ ಇದ್ದಲ್ಲೇ ಕೂರಿಸಿದರು. ಒಂದೊಂದು ಟೀಮೂ ಮೂರೂರಿಗೆ ಹಂಚಿಹೋಯಿತು. ದಿನವಿಡೀ ವಿಡಿಯೋ ಕಾಲು. ಸಾಗರದಲ್ಲಿ ಕರೆಂಟಿದ್ದರೆ ಹೊಸನಗರದಲ್ಲಿ ಇಲ್ಲ, ಹೊಸನಗರದಲ್ಲಿ ನೆಟ್‌ವರ್ಕ್ ಬಂದರೆ ತೀರ್ಥಹಳ್ಳಿಯಲ್ಲಿ ಹೋಯಿತು. "ಕೇಳ್ತಾ ಇದ್ಯಾ? ಹಲೋ? ಕೇಳ್ತಾ ಇದ್ಯಾ?" ಎಂಬುದೇ ನಮ್ಮ ಹೆಚ್ಚಿನ ಸಂಭಾಷಣೆ. ಮೊದಲು ಪಕ್ಕದವನ ಹತ್ತಿರವಾದರೂ ಮಾತಾಡುತ್ತಿದ್ದೆವು, ಈಗ ಅದೂ ಇಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಎಲ್ಲರನ್ನೂ ಕರೆದು ಹೇಳಿದರು. "ಹಂಚಿದ್ದು ಸರಿ ಇತ್ತು, ಕೂರ್ಸಿದ್ದು ತಪ್ಪಾಯ್ತು. ನಿಮಗ್ಯಾರಿಗೂ ತೊಂದ್ರೆ ಆಗಬಾರದು ಅಂತ ಹೋಗಿ ಎಲ್ರಿಗೂ ತೊಂದ್ರೆ ಮಾಡ್ದೆ. ತಪ್ಪು ನಂದು." ಯಜಮಾನರು ಪಕ್ಕದಲ್ಲೇ ಕೂತಿದ್ದರು. ಮೇಲಿನವರೊಬ್ಬರು ಇಷ್ಟು ಸಲೀಸಾಗಿ ತಪ್ಪು ಒಪ್ಪಿಕೊಂಡದ್ದನ್ನು ನಾವು ಅದಕ್ಕೆ ಮುಂಚೆ ಕಂಡಿರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ಯಾರೋ ಚಪ್ಪಾಳೆ ತಟ್ಟಿದರು. ಅವರು, "ಚಪ್ಪಾಳೆ ಯಾತಕ್ಕೆ?" ಎಂದು ಬೈದರು.

ಎರಡನೆಯ ಏರ್ಪಾಡಿನಲ್ಲಿ ಒಂದೊಂದು ಊರಿಗೆ ಒಂದೊಂದು ಇಡೀ ಟೀಮು. ಅಡಿಕೆ ಸೊಸೈಟಿಗಳದ್ದು ತೀರ್ಥಹಳ್ಳಿಗೆ. ಆಸ್ಪತ್ರೆಗಳದ್ದು ಸಾಗರಕ್ಕೆ. ಬಸ್ಸು ಹೊಸನಗರಕ್ಕೆ. ಹೊಸನಗರ ಮುಚ್ಚುವ ಮಾತು ಅಲ್ಲಿಗೆ ಬಿದ್ದುಹೋಯಿತು. ಆದರೆ ಜನ ಊರು ಬದಲಾಯಿಸಬೇಕಾಯಿತು, ಅದರಲ್ಲಿ ನಾನೂ ಒಬ್ಬ.

ನನ್ನನ್ನು ತುಂಗಾ ನದಿಯ ಸೇತುವೆ ತನಕ ನಡೆಸಿಕೊಂಡು ಹೋಗಿ ಹೇಳಿದರು.

"ಇನ್ಮೇಲೆ ಟೆಸ್ಟಿಂಗ್ ಅಂತ ಬೇರೆ ವಿಭಾಗ ಇರೋದಿಲ್ಲ."

"ಹಾಗಾದ್ರೆ ಅದಕ್ಕೆ ಮುಖ್ಯಸ್ಥನೂ ಇರೋದಿಲ್ಲ," ಅಂದೆ.

"ಇರೋದಿಲ್ಲ."

ಸುತ್ತಿ ಬಳಸಿ ಹೇಳಿದ್ದರೆ ಜಗಳವಾಡಬಹುದಿತ್ತು. ನೇರವಾಗಿ ಹೇಳಿದ್ದರಿಂದ ಅದಕ್ಕೂ ದಾರಿ ಇರಲಿಲ್ಲ. ಆ ಹುದ್ದೆಗೆ ನಾನು ಎಷ್ಟೋ ವರ್ಷ ದುಡಿದಿದ್ದೆ. ಮದುವೆ ಕಾಗದದಲ್ಲೂ ಅದು ಅಚ್ಚಾಗಿತ್ತು. ನದಿ ಕಡೆ ನೋಡುತ್ತ ನಿಂತೆ.

"ಬಸ್ಸಿನ ಟೀಮಿಗೆ ನೀವು ಬೇಕು," ಅಂದರು. "ಹೊಸನಗರಕ್ಕೆ ಹೋಗ್ಬೇಕಾಗತ್ತೆ. ಅಲ್ಲಿ ನೀವು ಯಾರ್ಗೂ ಮೇಲಲ್ಲ, ಯಾರ್ಗೂ ಕೆಳಗಲ್ಲ. ಬೇಜಾರಾಗತ್ತೆ ನಿಮ್ಗೆ. ಬೇಜಾರಾಗಲ್ಲ ಅಂತ ನಾನು ಸುಳ್ಳು ಹೇಳಲ್ಲ."

"ಒಲ್ಲೆ ಅಂದ್ರೆ?"

"ಒಲ್ಲೆ ಅಂದ್ರೆ ಸೊಸೈಟಿ ಟೀಮಲ್ಲಿ ಇಲ್ಲೇ ಇರ್ಬಹುದು. ಆದ್ರೆ ಅಲ್ಲಿ ನಿಮ್ಗಿಂತ ಚೆನ್ನಾಗಿ ಆ ಲೆಕ್ಕ ಬಲ್ಲೋರು ಇಬ್ರಿದಾರೆ. ಬಸ್ಸಿನ ಟೀಮಲ್ಲಿ ಯಾರೂ ಇಲ್ಲ."

ಮನೆಗೆ ಹೋಗಿ ಹೆಂಡತಿಯ ಹತ್ತಿರ ಅವರನ್ನು ಚೆನ್ನಾಗಿ ಬೈದೆ. ಅವಳು ಎಲ್ಲ ಕೇಳಿ, "ಬೇಕು ಅಂತ ತಾನೆ ಹೇಳಿದ್ದು, ಬೇಡ ಅಂತ ಅಲ್ವಲ್ಲ," ಅಂದಳು. ವಾರ ಬಿಟ್ಟು ಹೊಸನಗರದ ಬಸ್ಸು ಹತ್ತಿದೆ. ದಿನಾ ಹೋಗಿ ಬರುವುದು ಮೊದಮೊದಲು ಶಿಕ್ಷೆ ಎನ್ನಿಸಿತು. ಆಮೇಲೆ ಬಸ್ಸಿನಲ್ಲಿ ಕಂಡಕ್ಟರು ನಮ್ಮ ಸಾಫ್ಟ್‌ವೇರನ್ನು ಬೈಯುವುದನ್ನು ಕೇಳಿ, ಅದೇ ಬೆಳಿಗ್ಗೆ ಹೋಗಿ ನಮ್ಮ ಟೀಮಿಗೆ ಕೋಡ್ ಬರೆಯಲು ಬಂದಿದ್ದ ನಾಗಶ್ರೀಗೆ ಹೇಳಿ, ಅದೇ ಸಂಜೆ ಅದೇ ಕಂಡಕ್ಟರಿಗೆ ಸರಿಯಾದದ್ದನ್ನು ತೋರಿಸುವ ಸುಖ ಹತ್ತಿತು. ಬಹಳ ವರ್ಷದ ಕೆಲಸದಲ್ಲಿ ಆ ಸುಖ ನನಗೆ ಗೊತ್ತೇ ಇರಲಿಲ್ಲ.

ಆದರೂ ಗಂಟು ಒಂದು ಉಳಿದಿತ್ತು. ಅದು ಶ್ರೀಪಾದಣ್ಣ.

ಶ್ರೀಪಾದಣ್ಣ ಕಂಪನಿಯ ಮೊದಲ ಕೆಲಸಗಾರ. ಸಾಗರದ ಹತ್ತಿರದ ಹಳ್ಳಿಯವನು, ಯಜಮಾನರ ಶಿಷ್ಯ. ನಮ್ಮ ಸಾಫ್ಟ್‌ವೇರಿನ ಒಂದೊಂದು ಸಾಲೂ ಅವನಿಗೆ ಗೊತ್ತು, ಬಹುಪಾಲು ಅವನೇ ಬರೆದದ್ದು. ಯಾವ ಟೀಮು ಏನೇ ಬದಲಾಯಿಸಿದರೂ ಗಿರಾಕಿಗೆ ಹೋಗುವ ಮುಂಚೆ ಅವನು ನೋಡಿ ಹೂಂ ಅನ್ನಬೇಕು. ಹಳೆಯ ಕಟ್ಟಳೆ ಅದು. ಮೂರು ಟೀಮು ಚುರುಕಾದಷ್ಟೂ ಅವನ ಮುಂದೆ ರಾಶಿ ಬೆಳೆಯಿತು. ಅವನು ಊಟ ಬಿಟ್ಟು ನೋಡುತ್ತಿದ್ದ. ಅವನ ಹೆಂಡತಿ ಫೋನು ಮಾಡಿದರೆ, "ಇಲ್ಲೆ, ಇವತ್ತು ಬೇಗ ಬಪ್ಪಲೆ ಆಗ್ತಿಲ್ಲೆ," ಎಂಬ ಮಾತು ನಮಗೆಲ್ಲ ಬಾಯಿಪಾಠವಾಗಿತ್ತು. ರಜೆ ಎಂಬುದನ್ನು ಅವನು ತೆಗೆದುಕೊಂಡದ್ದೇ ಇಲ್ಲ.

ಮೇಡಂ ಅವನಿಗೆ ಎರಡು ವಾರ ರಜೆ ಹೋಗಿ ಅಂದರು.

ಸಿಟ್ಟು ಬಂದರೆ ಶ್ರೀಪಾದಣ್ಣನಿಗೆ ಮನೆಮಾತು ನುಗ್ಗಿಬರುತ್ತದೆ. "ಆನು ಇಲ್ದೆ ಹೋದ್ರೆ ಎಂತ ಆಗ್ತು ಹೇಳಿ ನಿಮಗೆ ಗೊತ್ತಿಲ್ಲೆ!" ಎಂದು ಕುರ್ಚಿಯಿಂದ ಎದ್ದುಬಿಟ್ಟ.

"ಗೊತ್ತಿಲ್ಲ," ಅಂದರು ಅವರು. "ನಿಮ್ಗೂ ಗೊತ್ತಿಲ್ಲ ಶ್ರೀಪಾದ. ಅದ್ಕೇ ನೋಡ್ಬೇಕು ಅಂತ."

ತನ್ನನ್ನು ತೆಗೆಯುವುದಕ್ಕೆ ಇದು ಮೊದಲ ಹೆಜ್ಜೆ ಎಂದು ಅವನು ಯಜಮಾನರಿಗೆ ಹೇಳಿದನಂತೆ. ರಾಜೀನಾಮೆ ಕೊಡುತ್ತೇನೆ ಎಂದೂ ಹೇಳಿದನಂತೆ. ಮೇಡಂ ಅವನ ಮನೆಗೇ ಹೋಗಿ, ಅವನ ಹೆಂಡತಿ ಕೊಟ್ಟ ತಂಬುಳಿ ಊಟ ಮಾಡಿ, ಅವನ ಎದುರು ಒಂದೇ ಮಾತು ಆಡಿದರಂತೆ: "ನಿಮ್ಮನ್ನ ಕಳ್ಕೊಳ್ಳೋಕೆ ನಂಗೆ ಭಯ. ಇಡೀ ಕಂಪನಿ ಒಬ್ಬ ಮನುಷ್ಯನ ಆರೋಗ್ಯದ ಮೇಲೆ ನಿಂತಿದೆ. ಅದು ಕಂಪನಿಗೂ ಒಳ್ಳೇದಲ್ಲ, ಆ ಮನುಷ್ಯಂಗೂ ಒಳ್ಳೇದಲ್ಲ." ಅವನ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ಕಣ್ಣೊರಸಿಕೊಂಡಿದ್ದನ್ನು ಅವನೇ ನನಗೆ ಆಮೇಲೆ ಹೇಳಿದ. ರಜೆ ಹಾಕಿದ. ಮುಖ ಊದಿಸಿಕೊಂಡೇ ಹಾಕಿದ. ಆ ಎರಡು ವಾರ ಆಯಾ ಟೀಮೇ ತನ್ನ ಬದಲಾವಣೆಗೆ ಹೂಂ ಅನ್ನಬೇಕು ಎಂದಾಯಿತು.

ಅವನು ಇಲ್ಲದಾಗಲೇ ಆಗಬೇಕಾದ್ದು ಆಯಿತು. ಹಬ್ಬದ ಹಿಂದಿನ ದಿನ, ಬೆಳಿಗ್ಗೆ. ಸುಮಿತ್ರಾಳ ಫೋನು ಒಂದೇ ಸಮನೆ ರಿಂಗಾಗತೊಡಗಿತು. ಒಂದೇ ಸೀಟು ಇಬ್ಬರಿಗೆ ಹೋಗಿದೆ. ಒಂದು ಬಸ್ಸಲ್ಲಲ್ಲ, ಹಲವಾರು ಬಸ್ಸುಗಳಲ್ಲಿ. ಬಿಟ್ಟು ಹೋಗುತ್ತೇವೆ ಎಂದಿದ್ದ ಆ ದೊಡ್ಡ ಬಸ್ಸಿನವರೇ ಹೆಚ್ಚು. ಅವರು ನಮ್ಮ ಹೊಸ ಏರ್ಪಾಡು ನೋಡಿ, ಸರಿ, ಇನ್ನೊಂದು ವರ್ಷ ಇರೋಣ ಎಂದು ಮನಸ್ಸು ಬದಲಿಸಿ ಬಹಳ ದಿನವಾಗಿರಲಿಲ್ಲ.

ಮೇಡಂ ಅವತ್ತು ಹೊಸನಗರದಲ್ಲೇ ಇದ್ದರು. ನಾನು ಆಗಲೇ ಜೇಬಿನಿಂದ ಫೋನು ತೆಗೆದಿದ್ದೆ.

"ಶ್ರೀಪಾದಣ್ಣಂಗೆ ಮಾಡ್ಲಾ ಮೇಡಂ?"

"ಮಾಡ್ಬಹುದು. ಮಾಡಿದ್ರೆ ಅವ್ರು ಮೊದ್ಲು ಏನು ಕೇಳ್ತಾರೆ?"

"ಯಾವ ಬಸ್ಸು, ಯಾವ ಏಜೆಂಟು, ಏನು ಮಾಡಿದ್ಮೇಲೆ ಹೀಗಾಯ್ತು ಅಂತ."

"ಅದನ್ನ ಮೊದ್ಲು ನೀವೇ ಕೇಳ್ಕಳಿ. ಊಟದ ಹೊತ್ತಿಗೆ ದಾರಿ ಕಾಣದಿದ್ರೆ ನಾನೇ ಅವ್ರಿಗೆ ಫೋನ್ ಮಾಡ್ತೀನಿ. ಹಬ್ಬಕ್ಕೆ ಹೊರಟ ಜನ ರಸ್ತೆ ಮೇಲೆ ನಿಲ್ಲಬಾರ್ದು. ಅದಕ್ಕಿಂತ ದೊಡ್ಡ ಹಠ ನಂಗಿಲ್ಲ."

ಎಂದವರೇ ಸುಮಿತ್ರಾಳನ್ನು ಎಬ್ಬಿಸಿ ನಮ್ಮ ಮೇಜಿಗೆ ಕಳಿಸಿ, ಅವಳ ಜಾಗದಲ್ಲಿ ತಾವು ಕೂತು ಫೋನು ಎತ್ತಿಕೊಂಡರು. ಬಸ್ಸಿನ ಮಾಲೀಕರಿಗೆ ಮೊದಲು ತಾವೇ ಫೋನು ಮಾಡಿ ವಿಷಯ ತಿಳಿಸಿದರು. ಮೊಬೈಲಿನ ಬುಕಿಂಗ್ ಸ್ವಲ್ಪ ಹೊತ್ತು ನಿಲ್ಲಿಸುತ್ತೇವೆ, ಸೀಟು ಸಿಗದವರಿಗೆ ಒಂದು ಮಿನಿ ಬಸ್ಸು ಹೊರಡಿಸಿ ಎಂದರು. ಆಮೇಲೆ ಒಬ್ಬರಾದ ಮೇಲೆ ಒಬ್ಬರು ಏಜೆಂಟರ ಬೈಗುಳ. ಒಬ್ಬ ಏಜೆಂಟನ ದನಿ ನಮ್ಮ ಮೇಜಿನ ತನಕ ಕೇಳುತ್ತಿತ್ತು.

"ಎಂತ ಮೇಡಂ ಇದು? ಒಂದು ಸೀಟಿಗೆ ಇಬ್ರು! ಒಬ್ರನ್ನ ನನ್ನ ತೊಡೆ ಮೇಲೆ ಕೂರಿಸ್ಕಳ್ಲಾ?"

"ಬೇಡ ಬೇಡ. ತಪ್ಪು ನಮ್ದೇ. ಹಿಂದೆ ಇನ್ನೊಂದು ಗಾಡಿ ಬರ್ತಿದೆ, ಅವ್ರನ್ನ ಅದ್ರಲ್ಲಿ ಕೂರ್ಸಿ. ಅವ್ರಿಗೆ ನೀರು, ಗೀರು ಬೇಕಾ ಕೇಳಿ. ಬೈಯೋದಿದ್ರೆ ಈ ನಂಬರ್ ಕೊಡಿ, ನಂಗೇ ಬೈಲಿ."

ನಾನು, ಸುಮಿತ್ರಾ, ನಾಗಶ್ರೀ ತಲೆಗೆ ತಲೆ ಹಚ್ಚಿ ಕೂತೆವು. ದೂರು ಬಂದದ್ದೆಲ್ಲ ಘಟ್ಟದ ಕಡೆಯ ಏಜೆಂಟರಿಂದ, ಪೇಟೆಯವರಿಂದ ಒಂದೂ ಇಲ್ಲ ಎಂದು ಸುಮಿತ್ರಾ ಗುರುತಿಸಿದಳು. ಘಟ್ಟದ ಕಡೆ ಇಲ್ಲದ್ದು ಏನು? ನೆಟ್‌ವರ್ಕು. ನಾನು ಫೋನಿನಲ್ಲಿ ಸೀಟು ಬುಕ್ ಮಾಡುತ್ತ ನಡುವೆ ನೆಟ್‌ವರ್ಕ್ ಕತ್ತರಿಸಿದೆ, ಬೇರೆ ಬೇರೆ ಗಳಿಗೆಯಲ್ಲಿ, ಮತ್ತೆ ಮತ್ತೆ. ಒಂದು ಗಳಿಗೆಯಲ್ಲಿ ಮಾತ್ರ, ನಾನು ಹಿಡಿದ ಸೀಟು ಖಾಲಿ ಎಂದು ಸುಮಿತ್ರಾಳ ಫೋನಿನಲ್ಲಿ ಹಸಿರಾಗಿ ಅರಳಿತು. "ಇದೇ!" ಎಂದು ಮೂವರೂ ಕಿರುಚಿದೆವು. ನಾಗಶ್ರೀ ಕೋಡಿನಲ್ಲಿ ಆ ಜಾಗ ಹುಡುಕಿದಳು. ಹೋದ ವಾರ ನಾವೇ ಸೇರಿಸಿದ ಒಂದು ಬದಲಾವಣೆ ಅದು. ಸರಿಮಾಡಿದಳು, ನಾನು ಪರೀಕ್ಷಿಸಿದೆ, ಸುಮಿತ್ರಾ ಘಟ್ಟದ ಒಬ್ಬ ಏಜೆಂಟನಿಗೆ ಫೋನು ಮಾಡಿ ಅವನ ಕೈಯಲ್ಲೇ ಮಾಡಿಸಿ ನೋಡಿದಳು. ಊಟದ ಹೊತ್ತು ದಾಟಿತ್ತು. ಆದರೆ ದಾರಿ ಅಷ್ಟರಲ್ಲಾಗಲೇ ಕಂಡಿದ್ದರಿಂದ ಯಾರೂ ಶ್ರೀಪಾದಣ್ಣನಿಗೆ ಫೋನು ಮಾಡಲಿಲ್ಲ. ಮೂರೂರಿನಲ್ಲಿ ಕೂತಿದ್ದ ಕಾಲದಲ್ಲಾಗಿದ್ದರೆ ಹಬ್ಬ ಮುಗಿದು ಜನ ವಾಪಸ್ ಬಂದ ಮೇಲೆ ಅದು ಸರಿಯಾಗುತ್ತಿತ್ತೇನೋ.

ಮೇಡಂ ದನಿ ಕೂತುಹೋಗಿತ್ತು. ಬಿಸಿನೀರು ಕುಡಿಯುತ್ತ, ಪಿಸುದನಿಯಲ್ಲಿ, "ಅಡ್ಡಿಲ್ಲ," ಅಂದರು. ನಾಗಶ್ರೀ ಈ ಸಲ ಅಳಲಿಲ್ಲ.

ಶ್ರೀಪಾದಣ್ಣ ರಜೆ ಮುಗಿಸಿ ಬಂದ ದಿನ ನಾನೂ ಸಾಗರಕ್ಕೆ ಹೋಗಿದ್ದೆ. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ಹೆಂಡತಿ ಮಕ್ಕಳ ಜೊತೆ ಕವಲೇದುರ್ಗ ಹತ್ತಿ, ಕೋಟೆಯ ಕಲ್ಲಿನ ಮೇಲೆ ಬುತ್ತಿ ಬಿಚ್ಚಿ ಉಂಡು ಬಂದೆ ಎಂದ. ಕಂಪ್ಯೂಟರ್ ತೆರೆದ. ಅವನಿಗಾಗಿ ಕಾದಿದ್ದ ರಾಶಿ ಯಾವುದೂ ಇರಲಿಲ್ಲ. ಸುಮ್ಮನೆ ಪರದೆ ನೋಡುತ್ತ ಕೂತ. ಅವನ ಮುಖ ನೋಡಿ ನನಗೆ ಸಂಕಟವಾಯಿತು.

"ಹಾಗಾದ್ರೆ ನಂಗೆ ಕೆಲ್ಸ ಇಲ್ಯಾ?" ಎಂದ. ಸಿಟ್ಟಿನಿಂದಲ್ಲ.

ಅವರು ಪಕ್ಕದ ಖಾಲಿ ಕುರ್ಚಿ ಎಳೆದುಕೊಂಡು ಕೂತರು. ಕನ್ನಡಕ ತೆಗೆದರು. "ನೆಟ್‌ವರ್ಕ್ ಇಲ್ದಾಗ್ಲೂ ಆಸ್ಪತ್ರೆ ಕೆಲಸ ನಿಲ್ಲದ ಹಾಗೆ ಮಾಡ್ಬೇಕು ಅಂತ ನೀವು ಯಾವತ್ತಿಂದ ಹೇಳ್ತಾ ಇದೀರಿ?"

"ಶುರುವಿಂದ," ಎಂದ.

"ಯಾಕೆ ಮಾಡ್ಲಿಲ್ಲ?"

"ಪುರುಸೊತ್ತೆಲ್ಲಿತ್ತು?"

"ಈಗ ಇದೆಯಲ್ಲ."

ಶ್ರೀಪಾದಣ್ಣ ಒಂದು ಹಾಳೆ ಎಳೆದುಕೊಂಡು ಗೆರೆ ಎಳೆಯತೊಡಗಿದ. ಅವನು ಸಾಗರದ ಟೀಮಿನ ಜೊತೆ ಆರೇಳು ತಿಂಗಳು ಕೂತು ಮಾಡಿದ ಆ ಕೆಲಸ ಈಗ ಘಟ್ಟದಂಚಿನ ಸಣ್ಣ ಸಣ್ಣ ಆಸ್ಪತ್ರೆಗಳಲ್ಲೆಲ್ಲ ನಡೆಯುತ್ತಿದೆ. ಗಾಳಿ ಮಳೆಗೆ ಮೂರು ದಿನ ಸಂಪರ್ಕ ಕಡಿದರೂ ಅಲ್ಲಿನ ನರ್ಸುಗಳಿಗೆ ರೋಗಿಗೆ ಹಿಂದೆ ಕೊಟ್ಟ ಔಷಧ ಯಾವುದು ಎಂಬುದು ಕಾಣುತ್ತದೆ. ಶ್ರೀಪಾದಣ್ಣನ ಮುಖ ಈಗ ನೋಡಬೇಕು. ಸಂಜೆ ಎಲ್ಲರಿಗಿಂತ ಮೊದಲು ಮನೆಗೆ ಹೊರಡುವವನು ಅವನೇ.

ಅವರು ನಮ್ಮಲ್ಲಿಗೆ ಬಂದು ಕೆಲವು ವರ್ಷಗಳಾದ ಮೇಲೆ, ಒಂದು ದಿನ ಯಜಮಾನರಿಗೆ ಹೋಗಿ, ನನ್ನ ಕೆಲಸ ಮುಗಿಯಿತು ಅಂದರಂತೆ. ಗಂಡ ಬ್ಯಾಂಕಿನಿಂದ ನಿವೃತ್ತರಾಗಿದ್ದರು. ಕಾರು ಓಡಿಸುವುದು ಕಲಿಯಬೇಕು, ಇಬ್ಬರೂ ಕರಾವಳಿ ಉದ್ದಕ್ಕೂ ತಿರುಗಬೇಕು ಎಂದು ಆಸೆ ಇತ್ತಂತೆ. ಯಜಮಾನರು ನಿಮ್ಮ ಜಾಗಕ್ಕೆ ಯಾರು ಎಂದು ಕೇಳಿದ್ದಕ್ಕೆ, ಆ ಜಾಗ ಬೇಡ, ಮೂರೂ ಟೀಮಿನವರು ತಮ್ಮ ಪರವಾಗಿ ಮಾತಾಡುವವರನ್ನು ತಾವೇ ಆರಿಸಿಕೊಳ್ಳಲಿ ಎಂದರು. ನಾವು ಬಸ್ಸಿನವರು ಸುಮಿತ್ರಾಳನ್ನು ಆರಿಸಿದೆವು. ಹೆಸರು ಸೂಚಿಸಿದವನು ನಾನು. ಅವಳು, "ನೀವಿರುವಾಗ ನಾನೆಂತಕ್ಕೆ ಸತೀಶಣ್ಣ?" ಅಂದಳು. ನನಗೆ ಮುಖ್ಯಸ್ಥನಾಗುವ ಹಂಬಲ ಯಾವಾಗ ಹೋಯಿತೋ ನನಗೇ ಗೊತ್ತಿಲ್ಲ. ಹುಡುಕಿದರೂ ಸಿಗಲಿಲ್ಲ.

ಬೀಳ್ಕೊಡುಗೆ ಹೊಸನಗರದಲ್ಲಿ. ಭಾಷಣ ಬೇಡ, ತಿಂಡಿ ಇರಲಿ ಎಂದಿದ್ದರು. ಸಾಗರದಿಂದ, ತೀರ್ಥಹಳ್ಳಿಯಿಂದ ಎಲ್ಲರೂ ಬಂದಿದ್ದರು. ಸುಮಿತ್ರಾಳ ಅತ್ತೆ ಮಾಡಿ ಕಳಿಸಿದ ಅನಾನಸ್ ಶಿರಾ, ಅಂಬಡೆ. ಯಜಮಾನರು ಶಾಲು ಹೊದೆಸುತ್ತೇನೆ ಎಂದರೆ ಅವರು ಸೆಕೆ ಎಂದು ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ತಟ್ಟೆ ಕೈಗೆ ಬಂದು ನಾಲ್ಕು ತುತ್ತು ತಿಂದಿರಲಿಲ್ಲ, ಫೋನು ಬಂತು. ಬಸ್ಸಿನವರೊಬ್ಬರ ಮಾರ್ಗ ಬದಲಾಗಿದೆ, ಹೊಸ ಸ್ಟಾಪುಗಳು ಪರದೆಯಲ್ಲಿ ತಲೆಕೆಳಗಾಗಿ ಬರುತ್ತಿವೆ, ಸಂಜೆಯ ಬಸ್ಸಿಗೆ ಜನ ಬುಕ್ ಮಾಡಲಾಗುತ್ತಿಲ್ಲ. ಸುಮಿತ್ರಾ ತಟ್ಟೆ ಇಟ್ಟಳು. ನಾಗಶ್ರೀ ಕೈ ತೊಳೆದುಕೊಂಡು ಬಂದಳು. ನಾನು ಕುರ್ಚಿ ಎಳೆದೆ. ಸಾಗರದಿಂದ ಬಂದಿದ್ದವರೂ ಬಗ್ಗಿ ನೋಡತೊಡಗಿದರು. ಶ್ರೀಪಾದಣ್ಣ ಮಾತ್ರ ದೂರ ನಿಂತು ಅಂಬಡೆ ತಿನ್ನುತ್ತ, "ನೀವೇ ನೋಡ್ಕಳಿ," ಎಂದು ನಗುತ್ತಿದ್ದ.

ಸರಿಯಾಯಿತು ಎಂದು ತಲೆಯೆತ್ತಿದಾಗ ಅವರು ಅಲ್ಲಿರಲಿಲ್ಲ. ಅವರ ತಟ್ಟೆ ತೊಳೆದು ಕವುಚಿಟ್ಟಿತ್ತು. ಬಸ್ಸಿಗೆ ಹೊತ್ತಾಯಿತು ಎಂದು ಶ್ರೀಪಾದಣ್ಣನ ಹತ್ತಿರ ಹೇಳಿ ಹೊರಟಿದ್ದರಂತೆ. "ನೀವು ನಮ್ಮನ್ನ ಕರಿಬಾರ್ದಿತ್ತಾ?" ಎಂದರೆ ಅವನು, "ಕರೀಬೇಡಿ ಅಂದ್ರು ಮಾರಾಯ," ಎಂದ.

ನಾನು ಮೆಟ್ಟಿಲಿಳಿದು ಬಸ್‌ಸ್ಟ್ಯಾಂಡಿಗೆ ಓಡಿದೆ. ಸಾಗರದ ಬಸ್ಸು ನಿಂತಿತ್ತು, ಎಂಜಿನ್ ಗುರುಗುಟ್ಟುತ್ತಿತ್ತು. ಅವರು ಕಿಟಕಿ ಪಕ್ಕ, ತೊಡೆ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದರು. ನನ್ನನ್ನು ನೋಡಿ ಗಾಜು ಸರಿಸಿದರು.

"ಸರಿಯಾಯ್ತಾ ಸತೀಶ?"

"ಆಯ್ತು ಮೇಡಂ. ಏನಾಗಿತ್ತು ಅಂದ್ರೆ, ಆ ಹೊಸ ಸ್ಟಾಪಿನ ಹೆಸರು ಸೇರಿಸ್ವಾಗ..." ಎಂದು ಏದುಸಿರು ಬಿಡುತ್ತ ಶುರುಮಾಡಿದೆ.

ಅವರು ಕೈ ಎತ್ತಿ ತಡೆದರು. ಹೆಗಲು ಕುಲುಕುತ್ತಿದ್ದವು.

"ನಂಗೆ ಹೇಳ್ಬೇಡ ಮಾರಾಯ. ನಂಗ್ಯಾಕೆ ಇನ್ನು ಅದೆಲ್ಲ?"

ಅವತ್ತಿನ ತನಕ ಅವರು ನನ್ನನ್ನು ಏಕವಚನದಲ್ಲಿ ಕರೆದಿರಲಿಲ್ಲ. ಬಸ್ಸು ಹೊರಟಿತು. ಅವರು ಆಗಲೇ ಪಕ್ಕದಲ್ಲಿ ಕೂತ ಹೆಂಗಸಿನ ಕಡೆ ತಿರುಗಿ, ಯಾವೂರಾಯ್ತು ನಿಮ್ದು ಎಂದೇನೋ ಕೇಳುತ್ತಿದ್ದರು.